ಮತಪೆಟ್ಟಿಗೆಗೆ ಮೊದಲಿನ ಪಟ್ಟಿ: ಕಾರ್ಮಿಕ ಸಂಘಗಳ ಚುನಾವಣಾ ವ್ಯಾಜ್ಯಗಳು

ಕಾರ್ಮಿಕ ಸಂಘದ ಚುನಾವಣೆ ನ್ಯಾಯವಾಗಿ ನಡೆಯಿತೇ ಎಂಬ ಪ್ರಶ್ನೆಯನ್ನು ಮತ ಗುಪ್ತವಾಗಿತ್ತೇ ಎಂಬ ಒಂದೇ ಅಂಶಕ್ಕೆ ಇಳಿಸುವ ರೂಢಿ ಈಚೆಗೆ ಬಲವಾಗಿದೆ. ನ್ಯಾಯಾಲಯದ ಮೆಟ್ಟಿಲೇರಿದ ವ್ಯಾಜ್ಯಗಳಲ್ಲಿ ಎರಡು ಬಗೆಯುಂಟು: ಸಂಘದೊಳಗಿನ ಪದಾಧಿಕಾರಿಗಳ ಆಯ್ಕೆಯನ್ನು ಪ್ರಶ್ನಿಸುವವು ಒಂದು, ಆಡಳಿತ ವರ್ಗದೊಡನೆ ಮಾತುಕತೆಗೆ ಕೂರುವ ಹಕ್ಕು, ಅಂದರೆ ಮಾನ್ಯತೆ, ಯಾವ ಸಂಘಕ್ಕೆ ಸಲ್ಲಬೇಕೆಂಬುದನ್ನು ಕುರಿತವು ಇನ್ನೊಂದು.

ಬಳ್ಳಾರಿ ಸೀಮೆಯ ಮಟ್ಟಿಗೆ ಈ ವ್ಯಾಜ್ಯಗಳ ಕಥೆ ಮದರಾಸಿನಿಂದಲೇ ಶುರುವಾಗುತ್ತದೆ: ಹೊಸಪೇಟೆ, ಕಂಪ್ಲಿಗಳು 1953ರವರೆಗೆ ಮದರಾಸಿನ ಆಡಳಿತದಲ್ಲಿದ್ದವು. ಸಂಡೂರು 1949ರವರೆಗೆ ಸಂಸ್ಥಾನವಾಗಿತ್ತು. ಮದರಾಸಿನ ಬಕಿಂಗ್‌ಹ್ಯಾಮ್ ಗಿರಣಿ ಪ್ರಕರಣದಲ್ಲಿ ಕಾರ್ಮಿಕ ನಾಯಕ ಬಿ.ಪಿ. ವಾಡಿಯಾ ಮೊದಲಾದವರ ವಿರುದ್ಧ ಮದರಾಸು ಹೈಕೋರ್ಟು ತಡೆಯಾಜ್ಞೆ ನೀಡಿದ ಮೇಲೆ ಎದ್ದ ಕೂಗಿನ ಫಲವಾಗಿ ಬಂದ 1926ರ ಕಾರ್ಮಿಕ ಸಂಘಗಳ ಕಾಯ್ದೆ ಸಂಘಗಳಿಗೆ ನೋಂದಣಿ ಕೊಟ್ಟಿತು, ಮಾನ್ಯತೆ ಕೊಡಲಿಲ್ಲ. ಅದನ್ನು ಕೊಡಬೇಕಿದ್ದ 1947ರ ತಿದ್ದುಪಡಿ ಜಾರಿಗೇ ಬರಲಿಲ್ಲ. ಪದಾಧಿಕಾರಿಗಳ ಜಗಳ ಬಂದಾಗ ರಿಜಿಸ್ಟ್ರಾರ್ ಕಡತ ಮುಚ್ಚಿ ಸಿವಿಲ್ ನ್ಯಾಯಾಲಯದ ದಾರಿ ತೋರಿಸುವುದೇ ವಾಡಿಕೆಯಾಯಿತು.

ಮಾನ್ಯತೆಗೆ ಮಾನದಂಡ ಗೊತ್ತುಮಾಡಿದ 1958ರ ಕೈಗಾರಿಕಾ ಶಿಸ್ತು ಸಂಹಿತೆಯ ಕಾಲದಲ್ಲಿ ಮತಕ್ಕಿಂತ ಚಂದಾ ರಶೀದಿಗೇ ಬೆಲೆ. ಹಿಂದಿನ ಆರು ತಿಂಗಳಲ್ಲಿ ಕನಿಷ್ಠ ಮೂರು ತಿಂಗಳ ಚಂದಾ ಕಟ್ಟಿದವನು ಮಾತ್ರ ಸದಸ್ಯನೆಂದು ಲೆಕ್ಕ. ಒಬ್ಬನೇ ಎರಡು ಸಂಘಗಳ ರಶೀದಿ ಹಿಡಿದು ನಿಂತರೆ ಪರಿಶೀಲನಾಧಿಕಾರಿಗೆ ಪೀಕಲಾಟ. ಆಳುವ ಕಾಂಗ್ರೆಸ್ಸಿನ ಬಳಗದ ಐಎನ್‌ಟಿಯುಸಿ ಈ ರಶೀದಿ ಪರಿಶೀಲನೆಯನ್ನೇ ಬೆಂಬಲಿಸಿತು, ಕಮ್ಯುನಿಸ್ಟರ ಎಐಟಿಯುಸಿ ಗುಪ್ತ ಮತದಾನ ಬೇಕೆಂದಿತು. ಅಧಿಕಾರಕ್ಕೆ ಹತ್ತಿರವಿದ್ದವರಿಗೆ ದಾಖಲೆಗಳ ಮೇಲೆ ಹೆಚ್ಚು ನಂಬಿಕೆಯಿದ್ದುದು ಆಶ್ಚರ್ಯವಲ್ಲ.

ಈ ಕ್ಷೇತ್ರಕ್ಕೆ ನಿಜವಾದ ವಿಧಿವಿಧಾನ ದೊರೆತದ್ದು ಭಾರತ ಆಹಾರ ನಿಗಮದ ಸಿಬ್ಬಂದಿ ಸಂಘದ ಪ್ರಕರಣದಲ್ಲಿ, 1995ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಕೇಂದ್ರದ ಮುಖ್ಯ ಕಾರ್ಮಿಕ ಆಯುಕ್ತರ ಮೇಲುಸ್ತುವಾರಿ, ಚುನಾವಣಾಧಿಕಾರಿಯ ನೇಮಕ, ಸೂಚನಾ ಫಲಕದಲ್ಲಿ ಮತದಾರರ ಪಟ್ಟಿ, ಅದಕ್ಕೆ ಆಕ್ಷೇಪಣೆಯ ಅವಕಾಶ, ಪ್ರತಿ ಸಂಘಕ್ಕೊಂದು ಚಿಹ್ನೆ, ಪ್ರಾದೇಶಿಕ ಭಾಷೆಯಲ್ಲೂ ಮತಪತ್ರ ಎಂದು ಮುಂತಾಗಿ ಪ್ರತಿ ಹೆಜ್ಜೆಯನ್ನೂ ಅದು ಗೊತ್ತುಮಾಡಿತು. ಗಣಿಗಳು ಕೇಂದ್ರದ ವ್ಯಾಪ್ತಿಗೆ ಸೇರುವುದರಿಂದ ಸಂಡೂರು ತಾಲ್ಲೂಕಿನ ದೋಣಿಮಲೈಯಂಥ ಕಡೆಗಳಲ್ಲಿ ಈ ತೀರ್ಪಿನ ಮಹತ್ವ ದೊಡ್ಡದು. ಗುಪ್ತ ಮತದಾನವನ್ನು ಹೊಗಳುವವರು ಹೆಚ್ಚಾಗಿ ಓದದೆ ದಾಟುವ ಸಾಲೂ ಅದರಲ್ಲೇ ಇದೆ: ಮತದಾರರ ಪಟ್ಟಿಗೆ ಆಧಾರ ನಿಗಮದ ಸ್ವಂತ ನೌಕರರ ದಾಖಲೆ, ಅದನ್ನು ಒದಗಿಸಬೇಕಾದದ್ದೂ ನಿಗಮವೇ.

ಗುತ್ತಿಗೆ ಕಾರ್ಮಿಕರು ತಾವಾಗಿಯೇ ಮೂಲ ಮಾಲೀಕರ ನೌಕರರಾಗುವುದಿಲ್ಲವೆಂದು ಸುಪ್ರೀಂ ಕೋರ್ಟಿನ 2001ರ ಭಾರತೀಯ ಉಕ್ಕು ಪ್ರಾಧಿಕಾರ ಪ್ರಕರಣದಲ್ಲಿ ತೀರ್ಮಾನವಾದ ಮೇಲೆ ಈ ಪಟ್ಟಿ ಇನ್ನಷ್ಟು ಕಿರಿದಾಯಿತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ಬಳ್ಳಾರಿಯ ಗಣಿಗಾರಿಕೆ ನಿಂತಾಗ ಮೊದಲು ಬೀದಿಗೆ ಬಿದ್ದ ಅದಿರು ತುಂಬುವವರು, ಲಾರಿ ಕ್ಲೀನರುಗಳು ಇಂಥ ಪಟ್ಟಿಯ ಹೊರಗಿನವರೇ. ಕಂಪ್ಲಿಯ ಅಕ್ಕಿ ಗಿರಣಿಗಳ ಹಮಾಲರ, ಹಂಪಿಯ ದಿನಗೂಲಿಗಳ ಸ್ಥಿತಿಯೂ ಬೇರೆಯಲ್ಲ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಹಲವು ಸಂಘಗಳಿರುವಲ್ಲಿ ಏಕೈಕ ಸಂಘವಾಗಿ ಮಾನ್ಯತೆ ಪಡೆಯಲು ಶೇ 51ರ ಬೆಂಬಲವನ್ನು ಕೇಳುತ್ತದೆ. ಆ ಶೇಕಡಾವಾರು ಲೆಕ್ಕವೂ ಹಾಜರಿ ಪುಸ್ತಕದಲ್ಲಿರುವವರದೇ. ಪದಾಧಿಕಾರಿಗಳ ಚುನಾವಣೆಯ ತಕರಾರನ್ನು ಸಂಹಿತೆ ಸಿವಿಲ್ ನ್ಯಾಯಾಲಯದಿಂದ ತೆಗೆದು ಕೈಗಾರಿಕಾ ನ್ಯಾಯಮಂಡಳಿಗೆ ಒಪ್ಪಿಸಿದೆ. ಸಂಘ ಮತ್ತು ಸಂಘದ ನಡುವಿನ, ಸಂಘ ಮತ್ತು ಸದಸ್ಯನ ನಡುವಿನ, ಸದಸ್ಯತ್ವ ಸಿಗದವನು ಮತ್ತು ಸಂಘದ ನಡುವಿನ ವಿವಾದಗಳನ್ನೆಲ್ಲ ಹೀಗೆ ಒಪ್ಪಿಸುವ ಕಲಮು ಹೆಸರಿಸುತ್ತದೆ; ಹಾಜರಿ ಪುಸ್ತಕ ಬರೆಯುವ ಮಾಲೀಕನ ಮೇಲಿನ ತಕರಾರು ಮಾತ್ರ ಅಲ್ಲಿ ಕಾಣುವುದಿಲ್ಲ.