ಬೀಗದ ಕಪಾಟಿನ ಪುಸ್ತಕಗಳು

ಸರ್ಕಾರ ಒಂದು ಪುಸ್ತಕವನ್ನು ನಿಷೇಧಿಸಿದರೆ ಅದರ ಪ್ರತಿಗಳೆಲ್ಲ ಬೆಂಕಿಗೆ ಆಹುತಿಯಾಗುತ್ತವೆ ಎಂಬುದು ಸಾಮಾನ್ಯ ತಿಳಿವಳಿಕೆ. ಬ್ರಿಟಿಷ್ ಭಾರತದ ಇತಿಹಾಸ ಬೇರೆಯದೇ ಕತೆ ಹೇಳುತ್ತದೆ. ಜನರ ಕೈಗೆ ಸಿಗಬಾರದೆಂದು ಮುಟ್ಟುಗೋಲು ಹಾಕಿಕೊಂಡ ಅನೇಕ ಪುಸ್ತಕಗಳ ಒಂದೆರಡು ಪ್ರತಿಗಳನ್ನು ಅದೇ ಸರ್ಕಾರ ಜೋಪಾನವಾಗಿ ತೆಗೆದಿಟ್ಟಿತು. ಯಾವುದನ್ನು ನಿಷೇಧಿಸಿದ್ದೇವೆ ಎಂಬುದು ಗೊತ್ತಿರಬೇಕಾದರೆ ಅದರ ಮಾದರಿ ಕೈಯಲ್ಲಿರಬೇಕಷ್ಟೆ!

1910ರ ಪತ್ರಿಕಾ ಕಾಯ್ದೆ ಪ್ರಾಂತೀಯ ಸರ್ಕಾರಗಳಿಗೆ ಮುಟ್ಟುಗೋಲಿನ ವಿಶಾಲ ಅಧಿಕಾರ ಕೊಟ್ಟಿತು. 1922ರಲ್ಲಿ ಕಾಯ್ದೆ ರದ್ದಾಯಿತಾದರೂ ಅಧಿಕಾರ ಹೋಗಲಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ 99-ಎ ಕಲಮಿನ ರೂಪದಲ್ಲಿ ಉಳಿದುಕೊಂಡಿತು. ಗಾಂಧೀಜಿಯವರ 'ಹಿಂದ್ ಸ್ವರಾಜ್' ಗುಜರಾತಿ ಆವೃತ್ತಿಯನ್ನು ಮುಂಬಯಿ ಸರ್ಕಾರ ನಿಷೇಧಿಸಿದ್ದು 1910ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಗಳೂ ಆಗ ಆ ಸರ್ಕಾರದ ಆಡಳಿತದಲ್ಲಿದ್ದವು. 1919ರ ಏಪ್ರಿಲ್‌ನಲ್ಲಿ ಗಾಂಧೀಜಿ ಅದೇ ಪುಸ್ತಕವನ್ನು ಮುಂಬಯಿಯ ಬೀದಿಗಳಲ್ಲಿ ಬಹಿರಂಗವಾಗಿ ಮಾರಿ ಕಾನೂನು ಮುರಿದರು.

ಎಲ್ಲ ಲೇಖಕರಿಗೂ ಇಂಥ ಬಲವಿರಲಿಲ್ಲ. 1932ರ ಡಿಸೆಂಬರ್‌ನಲ್ಲಿ ಲಖನೌದಲ್ಲಿ 'ಅಂಗಾರೆ' ಎಂಬ ಉರ್ದು ಕಥಾಸಂಕಲನ ಹೊರಬಂತು. ಸಜ್ಜಾದ್ ಜಹೀರ್, ಅಹ್ಮದ್ ಅಲಿ, ರಶೀದ್ ಜಹಾನ್, ಮಹಮೂದುಜ್ಜಫರ್ ಅದರ ಲೇಖಕರು. ಧಾರ್ಮಿಕ ಭಾವನೆಗಳಿಗೆ ಧಕ್ಕೆ ತಂದಿದೆ ಎಂದು 1933ರ ಮಾರ್ಚ್‌ನಲ್ಲಿ ಸಂಯುಕ್ತ ಪ್ರಾಂತದ ಸರ್ಕಾರ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ಪೊಲೀಸರು ಪ್ರತಿಗಳನ್ನು ನಾಶಪಡಿಸಿದರು. ಕೇವಲ ಐದು ಪ್ರತಿಗಳು ದಾಖಲೆಗಾಗಿ ದೆಹಲಿ ಮತ್ತು ಲಂಡನ್‌ಗಳಲ್ಲಿ ಉಳಿದವು. ದಶಕಗಳ ನಂತರ ಲಂಡನ್ನಿನಲ್ಲಿ ಸಿಕ್ಕ ಪ್ರತಿಯಿಂದಲೇ ಪುಸ್ತಕ ಮತ್ತೆ ಅಚ್ಚಾಯಿತು. ಕೊಲ್ಲಲು ಹೊರಟ ಕೈಯೇ ಉಳಿಸಿದ್ದು ಹೀಗೆ.

ನರಕ ಎಂಬ ವಿಭಾಗ

ಯೂರೋಪಿನಲ್ಲಿ ಬೀಗ ಬಿದ್ದದ್ದು ಹೆಚ್ಚಾಗಿ ಅಶ್ಲೀಲವೆನಿಸಿದ ಪುಸ್ತಕಗಳಿಗೆ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯ ಅವುಗಳಿಗಾಗಿ 19ನೇ ಶತಮಾನದಲ್ಲಿ ತೆರೆದ ಪ್ರತ್ಯೇಕ ವಿಭಾಗದ ಹೆಸರೇ 'ನರಕ'. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಇಂಥವನ್ನು ಪ್ರತ್ಯೇಕ ಕಪಾಟಿನಲ್ಲಿಟ್ಟು, 1960ರ ದಶಕದವರೆಗೂ ಸಾರ್ವಜನಿಕ ಸೂಚಿಯಲ್ಲಿ ಸೇರಿಸಿರಲಿಲ್ಲ. 1900ರಲ್ಲಿ ತೀರಿಕೊಂಡ ಹೆನ್ರಿ ಸ್ಪೆನ್ಸರ್ ಆಷ್‌ಬೀ ಎಂಬ ವ್ಯಾಪಾರಿ, ತನ್ನ ಅಮೂಲ್ಯ ಸರ್ವಾಂಟೆಸ್ ಸಂಗ್ರಹ ಬೇಕಿದ್ದರೆ ಶೃಂಗಾರ ಸಾಹಿತ್ಯವನ್ನೂ ಸ್ವೀಕರಿಸಬೇಕೆಂದು ಉಯಿಲು ಬರೆದಿಟ್ಟಿದ್ದ. ಮ್ಯೂಸಿಯಂ ಒಪ್ಪಿಕೊಂಡಿತು. 'ನರಕ'ದ ಪುಸ್ತಕಗಳು 2007ರಲ್ಲಿ ಪ್ಯಾರಿಸ್ಸಿನಲ್ಲಿ ಸಾರ್ವಜನಿಕ ಪ್ರದರ್ಶನಕ್ಕೇ ಬಂದವು.

ಭಾರತದ ನಿಷೇಧಿತ ಸಾಹಿತ್ಯದ ಕಥೆಯೂ ಹಾಗೆಯೇ. ಬ್ರಿಟಿಷ್ ಲೈಬ್ರರಿ 1985ರಲ್ಲಿ ತನ್ನಲ್ಲಿರುವ ಇಂಥ ಪ್ರಕಟಣೆಗಳ ಸೂಚಿಯನ್ನು ಹೊರತಂದಿತು. ದೆಹಲಿಯ ರಾಷ್ಟ್ರೀಯ ಪತ್ರಾಗಾರವೂ ತನ್ನಲ್ಲಿದ್ದ ದೇಶಭಕ್ತಿ ಕವನಗಳನ್ನು ಅಚ್ಚುಮಾಡಿತು. ಒಂದು ಕಾಲದ ರಾಜದ್ರೋಹ ಮತ್ತೊಂದು ಕಾಲದ ರಾಷ್ಟ್ರೀಯ ಆಸ್ತಿಯಾಯಿತು.

ಯಾರಿಗೆ ಹಾನಿ?

ಹಾಗಾದರೆ ಪತ್ರಾಗಾರದಲ್ಲಿ ಬೀಗವೇ ಬೇಡವೇ? ಬೇಕು. ಆದರೆ ಅದು ಯಾರ ರಕ್ಷಣೆಗೆ ಎಂಬುದು ಮುಖ್ಯ ಪ್ರಶ್ನೆ. ಪೂರ್ವ ಜರ್ಮನಿಯ ರಹಸ್ಯ ಪೊಲೀಸರ ಕಡತಗಳು 1992ರಲ್ಲಿ ಸಂತ್ರಸ್ತರಿಗೆ ತೆರೆದುಕೊಂಡವು. ಪ್ರತಿಯೊಬ್ಬರೂ ತಮ್ಮ ಕಡತ ಓದಬಹುದಿತ್ತು. ಆದರೆ ಅದರಲ್ಲಿ ಬರುವ ಇತರ ಸಂತ್ರಸ್ತರ ಹೆಸರುಗಳಿಗೆ ಮಸಿ ಬಳಿಯಲಾಗುತ್ತಿತ್ತು. ಬೇಹುಗಾರರಿಗೆ ಆ ಮರೆ ಇರಲಿಲ್ಲ.

ಭಾರತದ ಕಾನೂನಿನಲ್ಲೂ ಇಂಥ ವಿವೇಚನೆಯಿದೆ. ಅಶ್ಲೀಲತೆಯನ್ನು ಶಿಕ್ಷಿಸುವ ಕಲಮೇ ವಿಜ್ಞಾನ, ಸಾಹಿತ್ಯ, ಕಲೆ, ವಿದ್ಯೆಗಳ ಹಿತಕ್ಕಾಗಿ ಇರುವ ಪ್ರಕಟಣೆಗಳಿಗೆ ವಿನಾಯಿತಿ ಕೊಡುತ್ತದೆ. ದೇವಾಲಯಗಳ ಮತ್ತು ತೇರುಗಳ ಮೇಲಿನ ಶಿಲ್ಪಗಳನ್ನೂ ಹೊರಗಿಡುತ್ತದೆ. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳ ವಿಷಯವೇ ಬೇರೆ. ಅವುಗಳನ್ನು ಅಳಿಸದೆ, ವರದಿ ಮಾಡದೆ ಇಟ್ಟುಕೊಳ್ಳುವುದೂ 2012ರ ಪೋಕ್ಸೊ ಕಾಯ್ದೆಯಡಿ ಅಪರಾಧವಾಗಬಹುದು. ಅಲ್ಲಿ ಚಿತ್ರವೇ ಮಗುವಿನ ಮೇಲೆ ನಡೆದ ಅಪರಾಧದ ಭಾಗ; ಅದು ಉಳಿದಷ್ಟು ಕಾಲ ಹಾನಿಯೂ ಮುಂದುವರಿಯುತ್ತದೆ. ಯಾರೋ ದಾನ ಕೊಟ್ಟ ಕಂಪ್ಯೂಟರ್ ಡಿಸ್ಕಿನಲ್ಲಿ ಇಂಥದ್ದು ಕಂಡರೆ ಸಂಶೋಧನೆಯ ಮಾತೆತ್ತದೆ ಪೊಲೀಸರಿಗೆ ತಿಳಿಸುವುದೇ ಪತ್ರಪಾಲಕನ ಕೆಲಸ.

ಆದ್ದರಿಂದ ಒಳ್ಳೆಯ ಪತ್ರಾಗಾರ ತನ್ನ ನಿಯಮಗಳನ್ನು ಬರೆದಿಡಬೇಕು: ಯಾವುದಕ್ಕೆ ಬೀಗ, ಯಾವ ಕಾರಣಕ್ಕೆ, ಎಷ್ಟು ವರ್ಷ, ಯಾರು ನೋಡಬಹುದು, ಮತ್ತೆ ಪರಿಶೀಲಿಸುವುದು ಯಾವಾಗ. ಬೀಗದೊಳಗೆ ಇರುವುದನ್ನೂ ಸೂಚಿಯಲ್ಲಿ ಕಾಣಿಸಬೇಕು. ಆಳುವವರ ಮುಜುಗರ ಮುಚ್ಚುವ ಬೀಗ ಇಂದಲ್ಲ ನಾಳೆ ತೆರೆಯುತ್ತದೆ. ನೊಂದವರ ಮಾನ ಕಾಯುವ ಬೀಗವನ್ನು ಮಾತ್ರ ಮುಂದಿನ ತಲೆಮಾರೂ ಗೌರವಿಸಬೇಕಾಗುತ್ತದೆ.