ಮಣ್ಣಿನ ಗೋಡೆಗಳ ಪಾಠ: ವೈಸರ್ ದಂಪತಿಗಳ ಗ್ರಾಮಸೇವೆ

1925ರಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನರಿಗಳಾದ ವಿಲಿಯಂ ಮತ್ತು ಷಾರ್ಲೆಟ್ ವೈಸರ್ ದಂಪತಿಗಳು ಉತ್ತರ ಭಾರತದ ಮೈನ್‌ಪುರಿ ಜಿಲ್ಲೆಯ ಹಳ್ಳಿಯೊಂದರ ಬಳಿ ಗುಡಾರ ಹೂಡಿದರು. ತಮ್ಮ ಬರಹಗಳಲ್ಲಿ ಅದನ್ನು ‘ಕರೀಂಪುರ’ವೆಂದು ಕರೆದರು. ಅಲ್ಲಿನ ಮುಚ್ಚಿದ ಮಣ್ಣಿನ ಗೋಡೆಗಳು ಹೊರಗಿನವರಿಗೆ ಹಿಂದುಳಿದಿರುವಿಕೆಯ ಗುರುತಾಗಿ ತೋರುತ್ತಿದ್ದವು. ಆದರೆ ಗ್ರಾಮಸ್ಥರೊಡನೆ ಬಾಳಿದ ದಂಪತಿಗಳಿಗೆ ಅವುಗಳ ಅರ್ಥ ತಿಳಿಯಿತು: ಸುಲಿಗೆ ಮಾಡುವ ಬಲಾಢ್ಯರ ಕಣ್ಣಿಗೆ ಬೀಳದಂತೆ ಇದ್ದಷ್ಟನ್ನು ಕಾಪಾಡಿಕೊಳ್ಳಲು ಬಡವರಿಗೆ ಆ ಗೋಡೆಗಳೇ ಆಶ್ರಯ. 1930ರಲ್ಲಿ ಪ್ರಕಟವಾದ ಅವರ ‘ಬಿಹೈಂಡ್ ಮಡ್ ವಾಲ್ಸ್’ ಗ್ರಂಥವು ಈ ಸತ್ಯವನ್ನು ದಾಖಲಿಸಿತು.

ಐವತ್ತು ದಾಟಿದ ಮೇಲೆ, 1945ರಲ್ಲಿ, ಅವರು ‘ಇಂಡಿಯಾ ವಿಲೇಜ್ ಸರ್ವಿಸ್’ ಎಂಬ ಗ್ರಾಮಸೇವಾ ಸಂಸ್ಥೆಯನ್ನು ಆರಂಭಿಸಿದರು. ಆ ಸೇವೆಯ ಹಿಂದೆ ಇಪ್ಪತ್ತು ವರ್ಷಗಳ ಕಲಿಕೆಯಿತ್ತು.

ಕರ್ತನು ಕುರುಡನಾದ ಬಾರ್ತಿಮಾಯನನ್ನು ಮೊದಲು ಅವನ ಅಪೇಕ್ಷೆಯೇನೆಂದು ಕೇಳಿದನು, ಬಳಿಕ ಸ್ವಸ್ಥಪಡಿಸಿದನು. ದೀನರ ಮಾತನ್ನು ಕೇಳದೆ ಅವರ ಉದ್ಧಾರಕ್ಕೆ ಹೊರಡುವ ಸಭೆಯು ಈ ಕ್ರಮವನ್ನು ಮೀರುತ್ತದೆ.