ಮಳೆಗಾಲದಲ್ಲಿ ಘಟ್ಟ ಹತ್ತುವವರ ಚೀಲ: ಕುಂಬಳೆಯವರಿಗೊಂದು ಕೈಪಿಡಿ

ಕುಂಬಳೆಯವರಿಗೆ ಮಳೆ ಹೊಸದಲ್ಲ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 3,500 ಮಿ.ಮೀ. ಆಸುಪಾಸು ಮಳೆ ಸುರಿಯುತ್ತದೆ. ಆಟಿ ತಿಂಗಳಲ್ಲಿ ಸೂರ್ಯನ ಮುಖ ನೋಡದೆ ದಿನಗಟ್ಟಲೆ ಕಳೆಯುವುದು ಇಲ್ಲಿನವರಿಗೆ ಅಭ್ಯಾಸವಾಗಿಹೋಗಿದೆ. ಆದ್ದರಿಂದಲೇ ಮಡಿಕೇರಿ, ಭಾಗಮಂಡಲ, ತಲಕಾವೇರಿ, ಆಗುಂಬೆ ಎಂದು ಹೊರಡುವಾಗ, ‘ನಾವು ನೋಡದ ಮಳೆಯೇ?’ ಎಂದು ಒಂದು ಕೊಡೆ ಹಿಡಿದು ಬಸ್ಸು ಹತ್ತುವವರು ಬಹಳ. ಕರಾವಳಿಯಲ್ಲಿ ಚಂಡಿಯಾದರೆ ಮನೆಗೆ ಬಂದು ಬಟ್ಟೆ ಬದಲಿಸಿದರೆ ಮುಗಿಯಿತು. ಘಟ್ಟದ ಮೇಲೆ ಚಂಡಿಯಾದ ಬಟ್ಟೆ ಮರುದಿನವೂ ಚಂಡಿಯೇ, ಜತೆಗೆ ಚಳಿ ಬೇರೆ. ಅಲ್ಲಿಗೆ ಒಯ್ಯುವ ಚೀಲವನ್ನು ಈ ಒಂದು ವ್ಯತ್ಯಾಸವನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಕಟ್ಟಬೇಕು.

ಹತ್ತಿರದ ಬೆಟ್ಟ, ಬೇರೆಯೇ ಹವೆ

ಕುಂಬಳೆ ಕಡಲ ಮಟ್ಟದ ಊರು. ಬದಿಯಡ್ಕ, ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಸಂಪಾಜೆ ದಾಟಿ ಮಡಿಕೇರಿ ತಲುಪುವಷ್ಟರಲ್ಲಿ ರಸ್ತೆ ಸುಮಾರು 1,150 ಮೀಟರ್ ಏರಿರುತ್ತದೆ. ತಲಕಾವೇರಿ ಇನ್ನೂ ಎತ್ತರದಲ್ಲಿ, 1,276 ಮೀಟರ್‌ನಲ್ಲಿದೆ. ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಬಯಲು ಬೆಟ್ಟದ ಗಾಳಿ ಸೇರಿದರೆ ನೆನೆದ ಮೈಗೆ ಅದು ಇನ್ನೂ ಹೆಚ್ಚಾಗಿ ನಾಟುತ್ತದೆ.

ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿ ಪಶ್ಚಿಮಘಟ್ಟಕ್ಕೆ ಬಡಿದು ಮೇಲೇರಿ ತಣಿಯುತ್ತದೆ. ತಣಿದಾಗ ಹಿಡಿದಿಟ್ಟುಕೊಳ್ಳಲಾಗದ ನೀರನ್ನು ಅಲ್ಲೇ ಸುರಿಸುತ್ತದೆ. ಘಟ್ಟದ ನೆತ್ತಿಯ ಊರುಗಳಲ್ಲಿ ಮಳೆ ಹೆಚ್ಚಾಗಿರುವುದು ಇದರಿಂದ. ಆಗುಂಬೆಯ ವಾರ್ಷಿಕ ಸರಾಸರಿ 7,000 ಮಿ.ಮೀ. ಮೀರುತ್ತದೆ. ಮಳೆ ನಿಂತ ಹೊತ್ತಿನಲ್ಲೂ ಅಲ್ಲಿ ಮಂಜು ಕವಿದಿರುತ್ತದೆ. ಗಾಳಿಯೇ ನೀರು ತುಂಬಿಕೊಂಡಿರುವಾಗ ಬಟ್ಟೆಯ ನೀರು ಆರಿ ಹೋಗುವುದಾದರೂ ಎಲ್ಲಿಗೆ? ಹಗ್ಗದ ಮೇಲೆ ಹರವಿದ್ದು ಹಾಗೆಯೇ ಇರುತ್ತದೆ.

ಅಕ್ಟೋಬರ್ ನಡುವೆ ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ತಲಕಾವೇರಿಗೆ ಹೋಗುವವರಿಗೆ ಮಳೆಯ ರೀತಿ ಬೇರೆ. ಆಗ ಬೆಳಿಗ್ಗೆ ಬಿಸಿಲಿದ್ದು ಮಧ್ಯಾಹ್ನದ ನಂತರ ಗುಡುಗು ಮಿಂಚಿನೊಡನೆ ಮಳೆ ಬರುವುದೇ ಹೆಚ್ಚು. ಬಿಸಿಲು ಕಂಡು ಮಳೆಕೋಟನ್ನು ಮನೆಯಲ್ಲಿ ಬಿಡಬಾರದು.

ಗೊರಬೆಯಿಂದ ಮಳೆಕೋಟಿನವರೆಗೆ

ನಾಟಿ ಮಾಡುವಾಗ ಬೆನ್ನಿಗೆ ಕವುಚಿಕೊಳ್ಳುತ್ತಿದ್ದ ಗೊರಬೆ, ಗರಿಯಿಂದ ಹೆಣೆದ ಓಲೆಕೊಡೆ, ಅಡಿಕೆ ಹಾಳೆಯ ಮುಟ್ಟಾಳೆ, ಘಟ್ಟದ ಮೇಲಿನವರ ಕಂಬಳಿ ಕೊಪ್ಪೆ ಎಲ್ಲವೂ ನಮ್ಮ ಸುತ್ತಿನ ಮಳೆಯ ಉಡುಪುಗಳೇ. ಮೇಘಾಲಯದ ಖಾಸಿಗಳು ಗದ್ದೆಗಿಳಿಯುವಾಗ ಬೆನ್ನಿಗೆ ಹಾಕಿಕೊಳ್ಳುವ ‘ಕ್ನುಪ್’ ಕೂಡ ಬಿದಿರು, ಎಲೆಗಳಿಂದ ಹೆಣೆದ ಗೊರಬೆಯ ಜಾತಿಯದೇ. ಕೊಡೆಯೊಂದನ್ನು ಬಿಟ್ಟರೆ ಇವೆಲ್ಲ ಎರಡು ಕೈಗಳನ್ನೂ ಕೆಲಸಕ್ಕೆ ಬಿಡುತ್ತವೆ ಮತ್ತು ಕೆಳಗಿನಿಂದ ಗಾಳಿಯಾಡಲು ಜಾಗ ಕೊಡುತ್ತವೆ. ಇಂದಿಗೂ ಮಳೆಕೋಟು ಕೊಳ್ಳುವಾಗ ನೋಡಬೇಕಾದ್ದು ಈ ಎರಡನ್ನೇ.

ಅಗ್ಗದ ಪ್ಲಾಸ್ಟಿಕ್ ಮಳೆಕೋಟು ನೀರನ್ನು ತಡೆಯುತ್ತದೆ. ಆದರೆ ಏರು ದಾರಿಯಲ್ಲಿ ಹತ್ತು ನಿಮಿಷ ನಡೆದರೆ ಒಳಗಿನ ಬೆವರಿಗೇ ಅಂಗಿ ನೆನೆಯುತ್ತದೆ. ಕಂಕುಳಲ್ಲಿ ಗಾಳಿಕಂಡಿ ಇರುವ, ಹೊಲಿಗೆಗಳ ಮೇಲೆ ಒಳಗಿನಿಂದ ಪಟ್ಟಿ ಅಂಟಿಸಿದ ಕೋಟು ಉತ್ತಮ. ಒಳ್ಳೆಯ ಕೋಟಿನ ಚೀಟಿಯಲ್ಲಿ 5,000 ಮಿ.ಮೀ., 10,000 ಮಿ.ಮೀ. ಎಂಬ ಅಂಕೆ ಇರುತ್ತದೆ. ಅಷ್ಟು ಎತ್ತರದ ನೀರಿನ ಕಂಬದ ಒತ್ತಡವನ್ನು ಆ ಬಟ್ಟೆ ತಡೆಯಬಲ್ಲದು ಎಂದು ಅದರರ್ಥ. ಘಟ್ಟದ ಮಳೆಗೆ 10,000ದ ಸುತ್ತಿನದು ಬೇಕು. ಮೊಣಕಾಲವರೆಗಿನ ಕೋಟಿಗಿಂತ ಮೇಲಂಗಿ, ಪ್ಯಾಂಟು ಬೇರೆ ಬೇರೆ ಇರುವ ಜೋಡಿ ನಡಿಗೆಗೆ ಅನುಕೂಲ.

ಕೊಡೆ ಬೇಡವೆಂದಲ್ಲ. ಪೇಟೆಯಲ್ಲಿ, ಬಸ್ ನಿಲ್ದಾಣದಲ್ಲಿ, ದೇವಸ್ಥಾನದ ಅಂಗಳದಲ್ಲಿ ಕೊಡೆಯೇ ಸುಖ. ಮೂರು ಮಡಿಕೆಯ ಪುಟ್ಟ ಕೊಡೆ ಬಯಲು ಬೆಟ್ಟದ ಗಾಳಿಗೆ ತಿರುವುಮುರುವಾಗುತ್ತದೆ. ಉದ್ದ ಕೋಲಿನದು ತಡೆಯುತ್ತದೆ, ಇಳಿಜಾರಿನಲ್ಲಿ ಊರುಗೋಲೂ ಆಗುತ್ತದೆ.

ಬಟ್ಟೆ: ಒಣಗುವುದನ್ನೇ ಆರಿಸಿ

ಜೀನ್ಸ್ ಮನೆಯಲ್ಲಿರಲಿ. ದಪ್ಪ ಹತ್ತಿಯ ಬಟ್ಟೆ ನೀರನ್ನು ಹೀರಿ ಭಾರವಾಗುತ್ತದೆ, ತೊಡೆಗೆ ಉಜ್ಜುತ್ತದೆ, ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಆಟದ ಅಂಗಿಗಳಿಗೆ ಬಳಸುವ ಪಾಲಿಯೆಸ್ಟರ್ ಬಟ್ಟೆ ಹಿಂಡಿ ಕೊಡವಿದರೆ ಅರ್ಧ ಒಣಗಿದಂತೆಯೇ. ಉಣ್ಣೆ ನೆನೆದರೂ ಸ್ವಲ್ಪ ಬಿಸಿ ಉಳಿಸಿಕೊಳ್ಳುತ್ತದೆ, ಹಾಗಾಗಿ ಒಂದು ಸ್ವೆಟರ್ ಇರಲೇಬೇಕು. ಒರೆಸಿಕೊಳ್ಳಲು ದಪ್ಪ ಟರ್ಕಿ ಟವಲಿಗಿಂತ ನಮ್ಮ ತೆಳು ಬೈರಾಸೇ ಮೇಲು. ಹಿಂಡಿ ಹೆಗಲಿಗೆ ಹಾಕಿಕೊಂಡರೆ ಮೈಯ ಬಿಸಿಗೇ ಆರುತ್ತದೆ; ತಲೆಗೆ ಸುತ್ತಲೂ ಆಗುತ್ತದೆ.

ಎರಡು ರಾತ್ರಿಯ ಪ್ರವಾಸಕ್ಕೆ ಇಷ್ಟು ಸಾಕು:

• ನಡೆಯಲು ಎರಡು ಜತೆ ಹಗುರ ಉಡುಪು
• ಮಲಗಲು ಒಂದು ಜತೆ ಒಣ ಉಡುಪು
• ಒಳ ಉಡುಪು, ಕಾಲುಚೀಲ ಲೆಕ್ಕಕ್ಕಿಂತ ಎರಡು ಜತೆ ಹೆಚ್ಚು
• ಸ್ವೆಟರ್, ಕಿವಿ ಮುಚ್ಚುವ ಟೊಪ್ಪಿ
• ಎರಡು ಬೈರಾಸು
• ದೇವಸ್ಥಾನಕ್ಕೆ ಹೋಗುವವರಿಗೆ ಪಂಚೆ, ಶಾಲು ಅಥವಾ ಹಗುರ ಸೀರೆ

ಮಲಗುವ ಜತೆಯನ್ನು ಏನೇ ಆದರೂ ಹಗಲು ತೊಡಬಾರದು. ಬೆಳಿಗ್ಗೆ ಎದ್ದು ಮತ್ತೆ ಅದೇ ಚಂಡಿ ಅಂಗಿ ತೊಡುವುದು ಕಷ್ಟವೇ. ಆದರೆ ನಡೆಯತೊಡಗಿದರೆ ಕಾಲು ಗಂಟೆಯಲ್ಲಿ ಅದು ಮೈಗೆ ಒಗ್ಗುತ್ತದೆ. ಒಣಗಿದ್ದನ್ನು ತೊಟ್ಟು ಹೊರಟರೆ ರಾತ್ರಿಗೆ ಎರಡೂ ಚಂಡಿ.

ಪಾದ ಮತ್ತು ಉಂಬಳ

ಹಾವಸೆ ಹಿಡಿದ ಕಲ್ಲಿನ ಮೇಲೆ ತಳ ಸವೆದ ಚಪ್ಪಲಿ ನಿಲ್ಲುವುದಿಲ್ಲ. ತಳದಲ್ಲಿ ಆಳದ ಗೀರುಗಳಿರುವ, ಹಿಮ್ಮಡಿಗೆ ಪಟ್ಟಿ ಇರುವ ರಬ್ಬರಿನ ಸ್ಯಾಂಡಲ್ ಅಥವಾ ಬೇಗ ನೀರಿಳಿಯುವ ಬೂಟು ಬೇಕು. ಚರ್ಮದ ಬೂಟು ಒಮ್ಮೆ ನೆನೆದರೆ ಪ್ರವಾಸ ಮುಗಿಯುವವರೆಗೂ ಒಣಗದು. ಕೋಣೆಯೊಳಗೆ ಓಡಾಡಲು ಒಂದು ಜತೆ ಹವಾಯಿ ಚಪ್ಪಲಿ ಇರಲಿ. ದಿನವಿಡೀ ನೀರಿನಲ್ಲಿದ್ದ ಬೆರಳ ಸಂದುಗಳಲ್ಲಿ ಕೆಸರುಹುಣ್ಣು ಏಳುತ್ತದೆ. ರಾತ್ರಿ ಪಾದವನ್ನು ಚೆನ್ನಾಗಿ ಒರೆಸಿ, ಪೌಡರ್ ಹಾಕಿ, ಒಣ ಕಾಲುಚೀಲ ತೊಟ್ಟು ಮಲಗಿದರೆ ಅರ್ಧ ತೊಂದರೆ ತಪ್ಪುತ್ತದೆ.

ಕಾಡಿನ ದಾರಿಯಲ್ಲಿ ಉಂಬಳ ತಪ್ಪಿದ್ದಲ್ಲ. ಮಲೆನಾಡಿನವರು ಇಂಬಳ ಎನ್ನುವುದೂ ಇದನ್ನೇ. ತರಗೆಲೆಯ ಮೇಲೆ ಬಾಲ ಊರಿ ನಿಂತು, ತಲೆಯನ್ನು ಗಾಳಿಯಲ್ಲಿ ಆಡಿಸುತ್ತಾ ಹೆಜ್ಜೆಯ ಅದುರಿಗೂ ಉಸಿರಿನ ಬಿಸಿಗೂ ಕಾದಿರುತ್ತದೆ. ಬೂಟಿನ ಮೇಲೆ ಹತ್ತಿ, ಕಾಲುಚೀಲದ ಎಳೆಗಳ ನಡುವೆ ದಾರದಷ್ಟು ತೆಳ್ಳಗಾಗಿ ನುಸುಳುತ್ತದೆ. ಕಚ್ಚಿದ್ದು ಗೊತ್ತಾಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹಿರುಡಿನ್ ಎಂಬ ಪದಾರ್ಥವನ್ನು ಅದು ಗಾಯಕ್ಕೆ ಬಿಡುವುದರಿಂದ ಉಂಬಳ ಉದುರಿದ ಮೇಲೂ ರಕ್ತ ಬಹಳ ಹೊತ್ತು ಒಸರುತ್ತದೆ. ಗಾಬರಿ ಬೇಡ. ಕಚ್ಚಿ ಹಿಡಿದದ್ದನ್ನು ಜಗ್ಗಬೇಡಿ. ತೆಳು ತುದಿಯ ಬುಡಕ್ಕೆ ಉಗುರು ಜಾರಿಸಿದರೆ ಹಿಡಿತ ಬಿಡುತ್ತದೆ. ಗಾಯವನ್ನು ಸೋಪಿನಲ್ಲಿ ತೊಳೆದು ಒತ್ತಿ ಹಿಡಿದರೆ ಸಾಕು.

ಉಪ್ಪು, ಹೊಗೆಸೊಪ್ಪನ್ನು ಕಾಲುಚೀಲದ ಹೊರಗೆ ಬಳಸುವುದು ಹಳೆಯ ಕ್ರಮ. ಮಳೆಗೆ ತೊಳೆದುಹೋಗುವುದರಿಂದ ಆಗಾಗ ಮತ್ತೆ ಹಚ್ಚಬೇಕು. ಮೊಣಕಾಲವರೆಗೆ ಬರುವ, ಒತ್ತಾಗಿ ನೆಯ್ದ ಬಟ್ಟೆಯ ಉಂಬಳದ ಕಾಲುಚೀಲ ಇದಕ್ಕಿಂತ ಖಾತ್ರಿ. ಪ್ಯಾಂಟಿನ ತುದಿಯನ್ನು ಅದರೊಳಗೆ ಸೇರಿಸಿ ಕಟ್ಟಬೇಕು.

ಚೀಲ ತುಂಬುವ ಕ್ರಮ

ಬೆನ್ನಿನ ಚೀಲಕ್ಕೆ ಹೊದಿಸುವ ಮಳೆಕವಚವನ್ನು ನಂಬಿ ಕೂರಬೇಡಿ. ಅದು ಹೊರಬದಿಯನ್ನಷ್ಟೇ ಮುಚ್ಚುತ್ತದೆ. ಕತ್ತಿನಿಂದ ಇಳಿದ ನೀರು ಬೆನ್ನಿಗೂ ಚೀಲಕ್ಕೂ ನಡುವೆ ಹರಿದು ಹಿಂದಿನಿಂದ ಒಳಗೆ ಸೇರುತ್ತದೆ. ಚೀಲದ ಒಳಗೇ ದಪ್ಪ ಪ್ಲಾಸ್ಟಿಕ್ಕಿನ ದೊಡ್ಡ ತೊಟ್ಟೆಯೊಂದನ್ನು ಬಿಡಿಸಿ, ಎಲ್ಲವನ್ನೂ ಅದರಲ್ಲಿ ತುಂಬಿ, ಬಾಯಿಯನ್ನು ತಿರುಚಿ ಮಡಚಿ ರಬ್ಬರ್ ಬ್ಯಾಂಡ್ ಹಾಕಿದರೆ ಕವಚಕ್ಕಿಂತ ಭದ್ರ. ತಳದಲ್ಲಿ ಮಲಗುವ ಜತೆ ಅದರದೇ ತೊಟ್ಟೆಯಲ್ಲಿ, ನಡುವೆ ಉಳಿದ ಬಟ್ಟೆ, ಮೇಲೆ ಸ್ವೆಟರ್ ಮತ್ತು ತಿಂಡಿ. ಮಳೆಕೋಟು ತೊಟ್ಟೆಯ ಹೊರಗೆ, ಕೈಗೆ ಸಿಗುವಂತಿರಲಿ. ಚಂಡಿ ಬಟ್ಟೆಗೆ ಖಾಲಿ ತೊಟ್ಟೆಯೊಂದು ಬೇರೆ ಬೇಕು.

ಕ್ಯಾಮೆರಾ, ಫೋನಿಗೆ ಒತ್ತಿ ಮುಚ್ಚುವ ತೊಟ್ಟೆ ಮತ್ತು ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣ. ನೆನೆದ ಫೋನನ್ನು ಚಾರ್ಜಿಗೆ ಹಾಕಬಾರದು. ಬಳಸಿ ಬಿಸಾಡುವ ಪ್ಲಾಸ್ಟಿಕ್ಕನ್ನು ಕರ್ನಾಟಕ 2016ರಲ್ಲಿ, ಕೇರಳ 2020ರಲ್ಲಿ ನಿಷೇಧಿಸಿವೆ. ಒಯ್ದ ತೊಟ್ಟೆಗಳೆಲ್ಲ ಚೀಲದಲ್ಲೇ ಮರಳಿ ಊರಿಗೆ ಬರಬೇಕು.

ಮದ್ದು, ತಿಂಡಿ, ಬೆಳಕು, ಹಣ

ಸಂಪಾಜೆಯಿಂದ ಮೇಲೆ ತಿರುವುಗಳದೇ ದಾರಿ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ವಾಂತಿಯಾಗುವವರು ಮಾತ್ರೆಯನ್ನು ಘಾಟಿ ಶುರುವಾಗುವ ಅರ್ಧ ಗಂಟೆಗೆ ಮೊದಲೇ ನುಂಗಬೇಕು, ಶುರುವಾದ ಮೇಲೆ ನುಂಗಿ ಫಲ ಕಡಿಮೆ. ಜ್ವರ, ಭೇದಿ, ನೋವಿನ ಮಾತ್ರೆ, ಓಆರ್‌ಎಸ್, ಗಾಯದ ಪಟ್ಟಿ, ನಂಜು ನಿವಾರಕ, ದಿನವೂ ನುಂಗುವ ಔಷಧಿಯ ಎರಡು ದಿನದ ಹೆಚ್ಚುವರಿ ಪಾಲು ಜತೆಗಿರಲಿ. ಕಾಲಿನಲ್ಲಿ ಗಾಯವಿದ್ದವರು ನಿಂತ ನೀರಿಗೆ ಇಳಿಯಬಾರದು, ಇಲಿಜ್ವರ ಅಂಟುವುದು ಹಾಗೆಯೇ. ಮರಳಿ ಬಂದ ಎರಡು ಮೂರು ವಾರದೊಳಗೆ ಜ್ವರ ಬಂದರೆ ವೈದ್ಯರಿಗೆ ಪ್ರವಾಸದ ವಿಷಯ ಹೇಳಬೇಕು.

ರಸ್ತೆಗೆ ಮರ ಬಿದ್ದು ಬಸ್ಸು ಗಂಟೆಗಟ್ಟಲೆ ನಿಲ್ಲುವುದು ಘಟ್ಟದ ಮಳೆಗಾಲದಲ್ಲಿ ಮಾಮೂಲು. ನೇಂದ್ರ ಚಿಪ್ಸ್, ಸಾಂತಾಣಿ, ಅವಲಕ್ಕಿ, ಬೆಲ್ಲ, ಕಡಲೆಯನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಒಯ್ದರೆ ಮೆತ್ತಗಾಗವು. ಫ್ಲಾಸ್ಕಿನಲ್ಲಿ ಬಿಸಿನೀರು ಇದ್ದರೆ ದೊಡ್ಡ ಉಪಕಾರ. ಕರೆಂಟು ಹೋದರೆ ಫೋನಿನ ಸಿಗ್ನಲ್ಲೂ ಹೋಗುತ್ತದೆ. ಟಾರ್ಚು, ಪವರ್ ಬ್ಯಾಂಕ್, ಮೊದಲೇ ಇಳಿಸಿಕೊಂಡ ನಕ್ಷೆ, ಕಾಗದದ ಮೇಲೆ ಬರೆದ ಫೋನ್ ನಂಬರುಗಳು ಬೇಕು. ಸಿಗ್ನಲ್ ಇಲ್ಲದಲ್ಲಿ ಯುಪಿಐ ನಡೆಯದು. ಚಿಲ್ಲರೆ ನೋಟುಗಳನ್ನು ತೊಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳಿ.

ಯಾವಾಗ ಹೊರಡಬಾರದು

ಕುಂಬಳೆಯಿಂದ ಹೊರಡುವವರು ಎರಡು ರಾಜ್ಯಗಳ ಎಚ್ಚರಿಕೆಗಳನ್ನೂ ನೋಡಬೇಕು. ಪಾಣತ್ತೂರು, ಕರಿಕೆ ದಾರಿಯಾಗಿ ಭಾಗಮಂಡಲಕ್ಕೆ ಹೋದರೂ ಜಾಲ್ಸೂರಿನ ದಾರಿ ಹಿಡಿದರೂ ರಸ್ತೆಯ ಒಂದು ಭಾಗ ಕೇರಳದ್ದು, ಉಳಿದದ್ದು ಕರ್ನಾಟಕದ್ದು. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಮಳೆಯನ್ನು ಹವಾಮಾನ ಇಲಾಖೆ ‘ಭಾರೀ’ ಎನ್ನುತ್ತದೆ, 204.4 ಮಿ.ಮೀ.ವರೆಗೆ ‘ಅತಿ ಭಾರೀ’, ಅದರ ಮೇಲಿನದು ‘ಅತ್ಯಧಿಕ’. ಕೇರಳದಲ್ಲಿ ಇವಕ್ಕೆ ಕ್ರಮವಾಗಿ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಕೊಡುತ್ತಾರೆ. 204 ಮಿ.ಮೀ. ಎಂದರೆ ಒಂದು ಚದರ ಮೀಟರ್ ನೆಲಕ್ಕೆ 204 ಲೀಟರ್ ನೀರು.

ಅಷ್ಟು ನೀರು ಕುಡಿದ ಗುಡ್ಡ ಏನು ಮಾಡೀತು ಎಂಬುದನ್ನು ಈ ಘಟ್ಟಗಳೇ ತೋರಿಸಿವೆ. 2018ರ ಆಗಸ್ಟ್‌ನಲ್ಲಿ ಸಂಪಾಜೆ–ಮಡಿಕೇರಿ ನಡುವಿನ ಜೋಡುಪಾಲದಲ್ಲಿ ಗುಡ್ಡ ಜರಿದು ಹೆದ್ದಾರಿಯೇ ಕಡಿದುಹೋಯಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬಳಿ ಕುಸಿದ ಬೆಟ್ಟ ಅರ್ಚಕರ ಕುಟುಂಬವನ್ನು ಬಲಿ ತೆಗೆದುಕೊಂಡಿತು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ಮಣ್ಣಿನಡಿಯಾದವು.

ಚೀಲ ಎಷ್ಟೇ ಜಾಣತನದಿಂದ ಕಟ್ಟಿದ್ದರೂ ಜರಿಯುವ ಗುಡ್ಡದ ಮುಂದೆ ಅದು ನಿರುಪಯೋಗಿ. ಎರಡು ರಾಜ್ಯಗಳಲ್ಲಿ ಒಂದರಲ್ಲಾದರೂ ಕೆಂಪು ಎಚ್ಚರಿಕೆ ಇದ್ದರೆ ಟಿಕೆಟ್ ರದ್ದು ಮಾಡಿ, ಮನೆಯಲ್ಲೇ ಉಳಿಯಿರಿ. ದಾರಿಯಲ್ಲಿ ಸಿಕ್ಕಿಬಿದ್ದರೆ ಎರಡೂ ಕಡೆ 112ಕ್ಕೆ ಕರೆ ಮಾಡಬಹುದು.